ಕೆಂಬೂತ ಹಾರಿದ ದಿನ

ದಿಬ್ಬೂರಹಳ್ಳಿಯಲ್ಲಿ ಬಸ್ಸಿಳಿದು ಉದಯಕುಮಾರನ ಮನೆ ಎಲ್ಲಿ ಎಂದು ಕೇಳಿದರೆ ಜನ ಸ್ವಲ್ಪ ಯೋಚಿಸುತ್ತಾರೆ. ರಾಕೆಟ್ ಉದಯನ ಮನೆ ಎಂದರೆ ತಕ್ಷಣ ಕೈ ತೋರಿಸುತ್ತಾರೆ. ಆದರೆ ದನಿ ತಗ್ಗಿಸಿ, ಅವನೆದುರಿಗೆ ಹಾಗೆ ಅನ್ನಬೇಡಿ ಎಂದು ಒಂದು ಮಾತು ಸೇರಿಸುತ್ತಾರೆ. ಮೊದಲು ಹೀಗಿರಲಿಲ್ಲ. ಮೊದಲು ಅದು ಎದುರಿಗೇ ಕೂಗಿ ಕರೆಯುವ ಹೆಸರು, ಅವನೂ ಹಲ್ಲು ಕಿರಿದು ಓಗೊಡುತ್ತಿದ್ದ.

ಉದಯ ಚಿಂತಾಮಣಿಯ ಒಂದು ಪ್ರೆಸ್ಸಿನಲ್ಲಿ ಮಷೀನು ನಡೆಸುವವನು. ಮದುವೆ ಕಾರ್ಡು, ಬಿಲ್ ಪುಸ್ತಕ, ಚುನಾವಣೆ ಬಂದರೆ ಪಾಂಪ್ಲೆಟ್ಟು. ಮದುವೆ ಕಾಲದಲ್ಲಿ ವಾರವೆಲ್ಲ ಪ್ರೆಸ್ಸಿನಲ್ಲೇ ಮಲಗಿ ಭಾನುವಾರ ಊರಿಗೆ ಬರುತ್ತಿದ್ದ. ಊರಿನಲ್ಲಿ ತಾಯಿ ಲಕ್ಷ್ಮೀನರಸಮ್ಮ, ಹೆಂಡತಿ ಚೈತ್ರ, ಒಬ್ಬಳೇ ಮಗಳು ಪ್ರಿಯಾಂಕ. ಒಂದಿಷ್ಟು ಹಿಪ್ಪುನೇರಳೆ ತೋಟ, ಮನೆಗೆ ಅಂಟಿಕೊಂಡಂತೆ ರೇಷ್ಮೆ ಹುಳದ ಮನೆ. ಶಿಡ್ಲಘಟ್ಟದ ಸುತ್ತಮುತ್ತ ಇಷ್ಟಿಲ್ಲದ ಮನೆ ಕಡಿಮೆ. ಹುಳ ಸಾಕುವುದು ಅತ್ತೆ ಸೊಸೆ, ಸೊಪ್ಪು ಹೆಚ್ಚು ಬೇಕಾದ ದಿನ ಕೊಯ್ದು ಹೊರುವುದು, ಗೂಡನ್ನು ಮಾರ್ಕೆಟ್ಟಿಗೆ ಒಯ್ಯುವುದು ಉದಯ. ಹೀಗೆ ನೆಟ್ಟಗೆ ನಡೆಯುತ್ತಿದ್ದ ಸಂಸಾರಕ್ಕೆ ರಾಕೆಟ್ಟು ಯಾಕೆ ಬೇಕಿತ್ತು ಎಂದು ಯಾರಾದರೂ ಕೇಳಬಹುದು. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ಅವನ ತಾಯಿಯೂ ಅದನ್ನೇ ಹೇಳುತ್ತಿದ್ದಳು.

ಶುರುವಾದದ್ದು ರದ್ದಿಯಿಂದ. ಮಷೀನು ಒರೆಸಲು ಪ್ರೆಸ್ಸಿಗೆ ಮೂಟೆಗಟ್ಟಲೆ ಹಳೆಯ ಕಾಗದ ಬರುತ್ತದೆ. ಎರಡು ಸಾವಿರದ ಐದನೇ ಇಸವಿಯಲ್ಲಿ ಬಂದ ಒಂದು ಮೂಟೆಯಲ್ಲಿ ಅಮೆರಿಕದ ಯಾವುದೋ ಹಳೆಯ ಮಾಸಪತ್ರಿಕೆಯ ಹಾಳೆಗಳಿದ್ದವು. ಒಂದರಲ್ಲಿ ಕಾಗದದ ರಾಕೆಟ್ಟುಗಳ ಜಾಹೀರಾತು. ಮಕ್ಕಳು ಮನೆಯಲ್ಲೇ ಜೋಡಿಸಿ ಬಯಲಿನಲ್ಲಿ ಹಾರಿಸುವ ಕಿಟ್ಟುಗಳು, ಮೇಲೆ ಹೋಗಿ, ಮೂತಿ ಕಳಚಿ, ಪುಟ್ಟ ಛತ್ರಿ ಬಿಚ್ಚಿಕೊಂಡು ಮೆಲ್ಲಗೆ ಇಳಿಯುವಂಥವು. ಉದಯ ಆ ಹಾಳೆಯಿಂದ ಮಷೀನು ಒರೆಸಲಿಲ್ಲ. ಪಕ್ಕದಲ್ಲೇ ಬ್ರೌಸಿಂಗ್ ಸೆಂಟರ್ ಇಟ್ಟಿದ್ದ ಗೆಳೆಯ ರಮೇಶ್‌ಬಾಬು ಹತ್ತಿರ ಒಯ್ದ.

ಇಬ್ಬರೂ ಕಂಪ್ಯೂಟರಿನ ಮುಂದೆ ಕೂತು ತಡಕಾಡಿದಾಗ ಹುಚ್ಚರ ಸಂತೆಯೇ ಸಿಕ್ಕಿತು. ಆ ಕಿಟ್ಟುಗಳಲ್ಲಿ ಎಷ್ಟೋ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಚಿಕ್ಕಂದಿನಲ್ಲಿ ಅವನ್ನು ಹಾರಿಸಿದವರು ಈಗ ತಲೆ ನರೆತು, ಹಳೆಯ ನಕ್ಷೆಗಳನ್ನು ಹುಡುಕಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಹಾಕಿದ್ದರು. ಅದನ್ನು ನೋಡಿ ಯಾರು ಬೇಕಾದರೂ ತದ್ರೂಪು ಮಾಡಿಕೊಳ್ಳಬಹುದು. ಅದಕ್ಕೆ ಅವರು ಕ್ಲೋನ್ ಎನ್ನುತ್ತಾರೆ. ರೆಕ್ಕೆಯ ಓರೆ, ಪಟ್ಟೆಯ ಅಗಲ, ಅಕ್ಷರದ ಜಾಗ ಒಂದೂ ತಪ್ಪಬಾರದು. ಮೂಲಕ್ಕಿಂತ ದೊಡ್ಡದು ಬೇಕಾದರೆ ಎಲ್ಲ ಅಳತೆಯನ್ನೂ ಒಂದೇ ಲೆಕ್ಕದಲ್ಲಿ ಹಿಗ್ಗಿಸಬೇಕು. ಮದುವೆ ಕಾರ್ಡಿನಲ್ಲಿ ಗಣಪತಿ ಕೂದಲೆಳೆಯಷ್ಟು ಪಕ್ಕಕ್ಕೆ ಬಿದ್ದರೂ ಬೈಸಿಕೊಳ್ಳುವ ಉದಯನಿಗೆ ಈ ಕಟ್ಟುನಿಟ್ಟು ಬಹಳ ಹಿಡಿಸಿತು.

ಅವನು ಆರಿಸಿಕೊಂಡದ್ದು ಜಾಹೀರಾತಿನ ಮೂಲೆಯಲ್ಲಿದ್ದ, ಮೊಳದುದ್ದದ ಒಂದು ರಾಕೆಟ್ಟು. ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ. ಪ್ರೆಸ್ಸಿನ ದಪ್ಪ ಕಾರ್ಡನ್ನು ಪೈಪಿನ ಮೇಲೆ ಸುತ್ತಿ, ಮೈದಾ ಅಂಟು ಹಚ್ಚಿ ಮೈ ಮಾಡಿದ. ಒಣಗಿದ ಕತ್ತಾಳೆ ಬೊಂಬನ್ನು ಕೆತ್ತಿ, ಉಜ್ಜಿ ಮೂತಿ ಮಾಡಿದ. ಛತ್ರಿ ಹೊಲಿಯುವ ಕೆಲಸ ಚೈತ್ರಳ ಪಾಲಿಗೆ ಬಂತು. ಮೊದಲು ಗೊಣಗಿದಳು, ಆಮೇಲೆ ತಾನೇ ರೇಷ್ಮೆ ಎಳೆಗಳನ್ನು ಹುರಿಗೊಳಿಸಿ ಛತ್ರಿಗೆ ದಾರ ಮಾಡಿಕೊಟ್ಟಳು. ತಯಾರಾದ ರಾಕೆಟ್ಟನ್ನು ಅಂಗಳದಲ್ಲಿ ಕಂಡ ಲಕ್ಷ್ಮೀನರಸಮ್ಮ, ನವಿಲು ಕುಣೀತು ಅಂತ ಕೆಂಬೂತ ಕುಣೀತಂತೆ, ಅಮೆರಿಕದೋರು ಬಿಟ್ರು ಅಂತ ಇವನೂ ಬಿಡ್ತಾನಂತೆ ಎಂದು ಮೂತಿ ತಿರುವಿದಳು. ಬಣ್ಣವೂ ಕೆಂಬೂತದ್ದೇ. ಪ್ರಿಯಾಂಕಗೆ ಅಜ್ಜಿಯ ಕೊಂಕು ಅರ್ಥವಾಗಲಿಲ್ಲ, ಹೆಸರು ಮಾತ್ರ ಬಹಳ ಚೆನ್ನಾಗಿದೆ ಅನ್ನಿಸಿತು. ಅಂದಿನಿಂದ ಆ ರಾಕೆಟ್ಟಿಗೆ ಕೆಂಬೂತ ಎಂದೇ ಹೆಸರಾಯಿತು.

ಹಾರಿಸುವ ಮೊದಲು ಒಂದು ಪರೀಕ್ಷೆ ಇದೆ. ರಾಕೆಟ್ಟಿನ ತೂಕ ಸಮವಾಗುವ ಕಡೆ ದಾರ ಕಟ್ಟಿ ತಲೆಯ ಸುತ್ತ ಬೀಸಬೇಕು. ಮೂತಿ ಮುಂದಾಗಿ ತಿರುಗಿದರೆ ನೆಟ್ಟಗೆ ಹಾರುತ್ತದೆ, ಅಡ್ಡಡ್ಡ ತಿರುಗಿದರೆ ಮೂತಿಗೆ ತೂಕ ಸೇರಿಸಬೇಕು. ಉದಯ ಅಂಗಳದಲ್ಲಿ ನಿಂತು ಹೀಗೆ ಬೀಸುವಾಗ, ರಾಕೆಟ್ಟಿಗೆ ದೃಷ್ಟಿ ತೆಗೀತಾವ್ನೆ ಎಂದು ಪಕ್ಕದ ಮನೆಯ ಓಬಳಮ್ಮ ಊರೆಲ್ಲ ಹೇಳಿಕೊಂಡು ಬಂದಳು. ಮದ್ದು ತುಂಬಿಕೊಡುತ್ತಿದ್ದವನು ವಿದುರಾಶ್ವತ್ಥದ ಕಡೆಯ ಬಯ್ಯಪ್ಪ, ತಲೆಮಾರುಗಳಿಂದ ಬಾಣಬಿರುಸು ಮಾಡುವ ಮನೆಯವನು. ಆ ಮದ್ದನ್ನು ಉದಯ ಎಂದೂ ಮನೆಗೆ ತರುತ್ತಿರಲಿಲ್ಲ. ಹುಳಕ್ಕೆ ಹೊಗೆ, ವಾಸನೆ ಯಾವುದೂ ಆಗದು, ಬೀಡಿ ಸೇದಿದವನೇ ಹುಳದ ಮನೆಯ ಹೊಸಿಲು ದಾಟುವಂತಿಲ್ಲ. ಹಾಗಾಗಿ ಹಾರಿಸುವುದೆಲ್ಲ ಊರಾಚೆಯ ಕೆರೆ ಅಂಗಳದಲ್ಲಿ. ಆ ಕೆರೆಗೆ ನೀರು ಬಂದು ಎಷ್ಟೋ ವರ್ಷಗಳಾಗಿದ್ದವು.

ಹಾರಿಸುವ ದಿನಕ್ಕೂ ಒಂದು ಲೆಕ್ಕವಿತ್ತು, ಅದು ಹುಳದ ಲೆಕ್ಕ. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವಾಗ ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತದೆ. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳ ಜ್ವರಕ್ಕೆ ಮಲಗಿತು, ಜ್ವರದಿಂದ ಎದ್ದಿತು ಎನ್ನುತ್ತಾರೆ. ಮಲಗಿದ ದಿನ ಸೊಪ್ಪು ಕೊಯ್ಯುವಂತಿಲ್ಲ, ಹಾಕುವಂತಿಲ್ಲ, ಮನೆಮಂದಿಗೆಲ್ಲ ಬಿಡುವು. ನಾಲ್ಕನೇ ಜ್ವರದಿಂದ ಎದ್ದವೆಂದರೆ ಮಾತ್ರ ಹಸಿದ ಹುಳಕ್ಕೆ ಎಷ್ಟು ಸೊಪ್ಪು ತಂದರೂ ಸಾಲದು, ಮನೆಯವರಿಗೆ ಉಣ್ಣಲೂ ಹೊತ್ತಿರುವುದಿಲ್ಲ. ಆದ್ದರಿಂದ ಊರಿನವರು ನೆಂಟರ ಮನೆಗೆ ಹೋಗುವುದು, ಉದಯ ರಾಕೆಟ್ಟು ಬಿಡುವುದು, ಎಲ್ಲ ಜ್ವರದ ದಿನವೇ. ಜ್ವರ ಎಂದರೆ ಆ ಮನೆಯಲ್ಲಿ ಸಂತೋಷದ ಮಾತಾಗಿತ್ತು.

ಮೊಳದುದ್ದದ ಕೆಂಬೂತ ನಾಲ್ಕಾರು ಸಲ ಚೆನ್ನಾಗಿಯೇ ಹಾರಿತು. ಆಗ ಪ್ರಿಯಾಂಕ, ಎರಡನೇ ಕ್ಲಾಸಿನ ಹುಡುಗಿ, ತನ್ನಷ್ಟು ಉದ್ದದ್ದು ಬೇಕೆಂದು ಹಟ ಹಿಡಿದಳು. ಅಪ್ಪನಿಗೂ ಅಷ್ಟೇ ಬೇಕಿತ್ತು. ಅವಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ತಲೆಯ ನೇರಕ್ಕೆ ಗೆರೆ ಎಳೆದು ಅಳೆದ. ಆ ಉದ್ದವನ್ನು ಮೂಲದ ಉದ್ದದಿಂದ ಭಾಗಿಸಿದಾಗ ಬಂದದ್ದೇ ಹೊಸ ರಾಕೆಟ್ಟಿನ ಲೆಕ್ಕ. ಅಮೆರಿಕದ ಮುದುಕರು ಒಂದೂವರೆಪಟ್ಟು, ಎರಡುಪಟ್ಟು ಎಂದು ಹಿಗ್ಗಿಸುತ್ತಿದ್ದರು. ಇವನದು ಪ್ರಿಯಾಂಕಪಟ್ಟು ಎಂದು ರಮೇಶ್‌ಬಾಬು ನಗುತ್ತಿದ್ದ. ಪ್ರೆಸ್ಸಿನ ಕೆಲಸದ ನಡುವೆ ಅದನ್ನು ಮಾಡಿ ಮುಗಿಸುವ ಹೊತ್ತಿಗೆ ಮಗಳು ಗೆರೆಗಿಂತ ಎರಡು ಬೆರಳು ಮೇಲೆ ಬೆಳೆದಿದ್ದಳು. ಉದಯ ತಲೆ ಕೆರೆದುಕೊಂಡು ಮೈಯನ್ನು ಹೊಸದಾಗಿ ಸುತ್ತಲು ಕೂತ.

"ಇದು ಮುಗಿಯೋವರ್ಗೂ ನೀನು ಬೆಳೀಬೇಡ ಕಣಮ್ಮ," ಎಂದ ಅವಳಿಗೆ.

ದೊಡ್ಡ ಕೆಂಬೂತವನ್ನು ಮೊದಲ ಸಲ ಹಾರಿಸಿದಾಗ ಪ್ರಿಯಾಂಕಳೂ ಕೆರೆಗೆ ಹೋಗಿದ್ದಳು. ಉದ್ದ ಹಿಗ್ಗಿಸಿದರೆ ತೂಕ ಅದಕ್ಕಿಂತ ಎಷ್ಟೋ ಪಟ್ಟು ಏರುತ್ತದೆ, ಬಯ್ಯಪ್ಪ ತುಂಬಿದ್ದ ಮದ್ದು ಅದಕ್ಕೆ ಸಾಲಲಿಲ್ಲ. ತೆಂಗಿನ ಮರದಷ್ಟು ಎತ್ತರಕ್ಕೆ ಏರಿ, ಅಲ್ಲೇ ವಾಲಿ, ಮೂತಿ ಕೆಳಗಾಗಿ ಬಂದು ನೆಲಕ್ಕೆ ಬಡಿದು ಹತ್ತಿಕೊಂಡು ಉರಿಯಿತು. ಪ್ರಿಯಾಂಕ ಆ ರಾತ್ರಿ ಊಟ ಮಾಡಲಿಲ್ಲ, ತನ್ನನ್ನೇ ಸುಟ್ಟರೇನೋ ಎಂಬಂತೆ ಬಿಕ್ಕಿದಳು. ಇನ್ನೊಂದು ಮಾಡುತ್ತೇನೆ, ಮೊದಲು ನಾನೊಬ್ಬನೇ ಹಾರಿಸಿ ನೋಡುತ್ತೇನೆ, ಸರಿಯಾದ ಮೇಲೆಯೇ ನಿನಗೆ ತೋರಿಸುತ್ತೇನೆ ಎಂದು ಉದಯ ಅವಳ ತಲೆ ಮುಟ್ಟಿ ಹೇಳಿದ. ಅದೊಂದು ಮಾತಿಗಾಗಿಯೇ ಆಮೇಲಿನದೆಲ್ಲ ನಡೆಯಿತು ಎಂದರೂ ಸರಿಯೇ.

ಎರಡು ಸಾವಿರದ ಏಳರ ಕಾರ್ತೀಕ ಮಾಸ, ಮದುವೆಗಳ ಭರಾಟೆ. ಉದಯ ಆ ವಾರವೆಲ್ಲ ಊರಿಗೆ ಬಂದಿರಲಿಲ್ಲ. ಮಷೀನಿನ ಪಕ್ಕದಲ್ಲೇ ಹೊಸ ಕೆಂಬೂತವನ್ನು ಮುಗಿಸಿದ್ದ, ಬಯ್ಯಪ್ಪ ಈ ಸಲ ಗಟ್ಟಿ ಮದ್ದು ತುಂಬಿ ಕೊಟ್ಟಿದ್ದ. ಅವನ ಲೆಕ್ಕದ ಪ್ರಕಾರ ಮನೆಯ ಹುಳ ಭಾನುವಾರ ನಾಲ್ಕನೇ ಜ್ವರಕ್ಕೆ ಮಲಗಬೇಕು. ಸೊಪ್ಪಿನ ಕೆಲಸವಿಲ್ಲ. ಬೆಳಿಗ್ಗೆ ರಮೇಶ್‌ಬಾಬುವನ್ನು ಬೈಕಿನ ಹಿಂದೆ ಕೂರಿಸಿ, ಅವನ ಕೈಗೆ ಕೆಂಬೂತವನ್ನು ಕೊಟ್ಟು, ಮನೆಗೆ ಹೋಗದೆ ನೇರವಾಗಿ ಕೆರೆ ಅಂಗಳಕ್ಕೆ ಬಂದ. ಮನೆಗೆ ಹೋದರೆ ಪ್ರಿಯಾಂಕ ಬಿಡುವುದಿಲ್ಲ, ಜೊತೆಗೆ ಬರುತ್ತೇನೆ ಎನ್ನುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು.

ಮನೆಯಲ್ಲಿ ಪ್ರಿಯಾಂಕಗೆ ಶನಿವಾರದಿಂದ ಜ್ವರ ಬಂದಿತ್ತು. ಊರಿನ ಡಾಕ್ಟರು ಮಾತ್ರೆ ಕೊಟ್ಟಿದ್ದರು. ಉದಯನ ಹತ್ತಿರ ಮೊಬೈಲು ಇರಲಿಲ್ಲ, ಹೇಗೂ ಬೆಳಿಗ್ಗೆ ಬರುತ್ತಾರಲ್ಲ ಎಂದು ಚೈತ್ರ ಪ್ರೆಸ್ಸಿಗೂ ಫೋನ್ ಮಾಡಿರಲಿಲ್ಲ. ಭಾನುವಾರ ಬೆಳಿಗ್ಗೆ ಮಗು ಒಂದು ಸಲ ಕೈಕಾಲು ಸೆಟೆದುಕೊಂಡು ಮಲಗಿದ್ದು, ಕರೆದರೆ ಓಗೊಡಲಿಲ್ಲ. ಚೈತ್ರ ಒದ್ದೆ ಬಟ್ಟೆ ಹಾಕುತ್ತ ಹೆದರಿ ಕೂತಳು. ಬೈಕು ಕೆರೆ ಕಡೆ ಹೋದದ್ದನ್ನು ಓಬಳಮ್ಮ ನೋಡಿದ್ದಳು. ಕುರಿ ಹೊಡೆದುಕೊಂಡು ಅದೇ ದಾರಿಯಲ್ಲಿ ಹೊರಟಿದ್ದ ಎರ್ರಪ್ಪನನ್ನು ಲಕ್ಷ್ಮೀನರಸಮ್ಮ ಬೀದಿಯಲ್ಲೇ ಹಿಡಿದು, ಓಡಿ ಹೋಗಿ ಉದಯನಿಗೆ ಹೇಳು ಎಂದು ಕಳಿಸಿದಳು. ಬಾ ಎನ್ನು ಎಂದು ಅವಳು ಹೇಳಲಿಲ್ಲ. ಮಗುವಿಗೆ ಹೀಗಾಗಿದೆ ಎಂದು ಕೇಳಿದ ತಂದೆಗೆ ಬಾ ಎಂದು ಬೇರೆ ಹೇಳಬೇಕೆ?

ಎರ್ರಪ್ಪ ಕೆರೆಗೆ ಬರುವ ಹೊತ್ತಿಗೆ ಕೆಂಬೂತ ಹಾರಿಸಲೆಂದು ನೆಲಕ್ಕೆ ನೆಟ್ಟ ಕಂಬಿಯ ಮೇಲೆ ನಿಂತಿತ್ತು. ಗಾಳಿ ತಗ್ಗಲೆಂದು ಇಬ್ಬರೂ ಕಾಯುತ್ತಿದ್ದರು. ಎರ್ರಪ್ಪ ಕೋಲೂರಿ ನಿಂತು, ಕೇಳಿದ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದ.

"ಜ್ವರದಲ್ಲಿ ಮಲಗಿದ್ದು ಇನ್ನೂ ಎದ್ದಿಲ್ವಂತೆ ಕಣಪ್ಪ. ನಿಮ್ಮಮ್ಮ ಹೇಳಿ ಕಳಿಸ್ತು."

ನಮ್ಮ ಮಾತಿನಲ್ಲಿ ಹುಳವೂ ಅದು, ಮಗುವೂ ಅದು. ಎರಡೂ ಮಲಗುತ್ತದೆ, ಎರಡೂ ಏಳುತ್ತದೆ. ಎರ್ರಪ್ಪನೂ ಹುಳ ಸಾಕಿ ಮುದುಕನಾದವನು, ಪಕ್ಕದ ಬೀದಿಯವನು, ಮಗುವಿಗೆ ಹುಷಾರಿಲ್ಲದ್ದು ಅವನಿಗೆ ತಿಳಿದಿರಲಿಲ್ಲ. ಉದಯ ಆಕಾಶ ನೋಡುತ್ತಲೇ ಉತ್ತರ ಕೊಟ್ಟ.

"ಎದ್ದಿಲ್ವಾ, ಒಳ್ಳೇದಾಯ್ತು ಬಿಡು. ನಾಳೆ ಎದ್ರೆ ಸಾಕು. ಮಧ್ಯಾಹ್ನ ಬರ್ತೀನಿ ಅನ್ನು."

ಎರ್ರಪ್ಪ ಕುರಿಗಳನ್ನು ಅಲ್ಲೇ ಬಿಟ್ಟು ಮರಳಿ ಹೋದ, ಈ ಮಾತನ್ನೂ ಒಂದಕ್ಷರ ಬಿಡದೆ ಒಪ್ಪಿಸಿದ. ಲಕ್ಷ್ಮೀನರಸಮ್ಮ ಏನೂ ತಿಳಿಯದೆ ಅವನ ಮುಖವನ್ನೇ ನೋಡಿದಳು. ಚೈತ್ರಗೆ ತಿಳಿಯಿತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಆಟೋ ಸಿಗುವ ರಸ್ತೆಗೆ ಓಡಿದಳು, ಹಿಂದೆಯೇ ಅತ್ತೆ. ತಾನು ಎಂಥ ಮಾತು ಹೊತ್ತು ಹೋಗಿದ್ದೆ ಎಂಬುದು ಅರಿವಾದಾಗ ಎರ್ರಪ್ಪನೂ ಕೋಲು ಎಸೆದು ಮತ್ತೆ ಕೆರೆಯ ಕಡೆ ಹೊರಟ. ಆದರೆ ಅವನು ಕೆರೆ ಏರಿಯನ್ನು ಹತ್ತುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಕೆಂಬೂತ ಹಾರಿತ್ತು. ಉದಯ ಅಂಥದ್ದನ್ನು ಹಿಂದೆ ನೋಡಿರಲಿಲ್ಲ. ಒಂಚೂರೂ ವಾಲದೆ, ಹೊಗೆಯ ಗೆರೆಯೊಂದನ್ನು ನೆಟ್ಟಗೆ ಎಳೆದು, ಕಣ್ಣಿಗೆ ಚುಕ್ಕೆಯಾಗುವಷ್ಟು ಮೇಲೆ ಹೋಗಿ ಚೈತ್ರ ಹೊಲಿದ ಬಿಳಿ ಛತ್ರಿಯನ್ನು ಬಿಚ್ಚಿತು. ಅಷ್ಟು ಎತ್ತರದಲ್ಲಿ ಗಾಳಿ ಅದನ್ನು ಹಿಡಿದುಕೊಂಡಿತು. ಕೆರೆ ದಾಟಿ, ಜೋಳದ ಹೊಲ ದಾಟಿ, ಆಚೆಯ ದಿಣ್ಣೆಯ ಕಡೆ ತೇಲುತ್ತ ಹೋಯಿತು. ಇಬ್ಬರೂ ಬೈಕು ಹತ್ತಿ ಹೊಲದ ದಾರಿಯಲ್ಲಿ ಅದರ ಬೆನ್ನು ಹತ್ತಿದರು. ರಮೇಶ್‌ಬಾಬು ಹಿಂದೆ ಕೂತು ಚಿಕ್ಕ ಹುಡುಗನಂತೆ ಕೇಕೆ ಹಾಕುತ್ತಿದ್ದ. ಬೇಲದ ಮರವೊಂದರ ಕೊಂಬೆಗೆ ಛತ್ರಿ ಸಿಕ್ಕಿಕೊಂಡಿತ್ತು, ಕೆಂಬೂತಕ್ಕೆ ಒಂದು ಗೀರೂ ಆಗಿರಲಿಲ್ಲ. ಹತ್ತಿ ಬಿಡಿಸಿಕೊಳ್ಳುವಾಗ ಉದಯನ ಕಣ್ಣಲ್ಲಿ ನೀರು ಬಂತು. ಮುಂದಿನ ಭಾನುವಾರ ಮಗಳ ಎದುರಿಗೇ ಹಾರಿಸುವುದೆಂದು ಇಬ್ಬರೂ ಮಾತಾಡಿಕೊಂಡರು.

ರಮೇಶ್‌ಬಾಬುವನ್ನು ಬಸ್ಸಿಗೆ ಹತ್ತಿಸಿ ಮನೆಗೆ ಬಂದಾಗ ಬೀಗ ಹಾಕಿತ್ತು. ಜ್ವರದ ದಿನ ತಾನೇ, ಎಲ್ಲೋ ಹೋಗಿರಬೇಕು ಎಂದುಕೊಂಡ. ಕೆಂಬೂತವನ್ನು ಗೋಡೆಗೆ ಒರಗಿಸಿ, ಕೈಕಾಲು ತೊಳೆದು ಹುಳದ ಮನೆಗೆ ಹೋಗಿ ನೋಡಿದ. ತಟ್ಟೆ ತಟ್ಟೆಯಲ್ಲೂ ಹುಳ ತಲೆ ಎತ್ತಿಕೊಂಡು ನಿಶ್ಚಲವಾಗಿದ್ದವು. ಅವನ ಲೆಕ್ಕ ಒಂದಿಷ್ಟೂ ತಪ್ಪಿರಲಿಲ್ಲ, ನಾಲ್ಕನೇ ಜ್ವರ ಅದೇ ದಿನ ಕೂತಿತ್ತು. ಅವನಿಗೆ ಸಮಾಧಾನವಾಯಿತು. ಹೊರಗೆ ಬಂದಾಗ ಓಬಳಮ್ಮ ಅಂಗಳದಲ್ಲಿ ನಿಂತಿದ್ದಳು. ಅವಳು ಹೇಳಿದ್ದನ್ನು ಕೇಳುತ್ತ ಕೇಳುತ್ತ ಎರ್ರಪ್ಪನ ಮಾತು ಅವನ ಕಿವಿಯಲ್ಲಿ ಮತ್ತೊಂದು ಅರ್ಥದಲ್ಲಿ ಕೇಳಿಸಿತು.

ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ನೋಡಿದವರು ಮೆದುಳಿಗೆ ಹತ್ತಿದ ಜ್ವರ, ತಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದಿದ್ದರು. ಚಿಕ್ಕಬಳ್ಳಾಪುರ ಇನ್ನೂ ದೂರವಿರುವಾಗಲೇ, ಗಾಡಿಯಲ್ಲೇ, ಮಗು ಹೋಯಿತು. ಬೇಗ ತಂದಿದ್ದರೆ ಉಳಿಯುತ್ತಿತ್ತೇ ಎಂದು ಉದಯ ಆಮೇಲೆ ಎಷ್ಟೋ ಡಾಕ್ಟರುಗಳನ್ನು ಕೇಳಿದ. ಹೇಳಲಾಗುವುದಿಲ್ಲ, ಈ ಕಾಯಿಲೆ ಹಾಗೆಯೇ ಎಂದರು. ಹೇಳಲಾಗುವುದಿಲ್ಲ ಎಂಬ ಮಾತಿನಷ್ಟು ಹಿಂಸೆ ಇನ್ನೊಂದಿಲ್ಲ. ಉಳಿಯುತ್ತಿತ್ತು ಎಂದಿದ್ದರೆ ಅತ್ತು ಸಾಯಬಹುದಿತ್ತು, ಉಳಿಯುತ್ತಿರಲಿಲ್ಲ ಎಂದಿದ್ದರೆ ಹೇಗೋ ಬದುಕಬಹುದಿತ್ತು. ಅವನಿಗೆ ಎರಡೂ ಸಿಗಲಿಲ್ಲ.

ಲಕ್ಷ್ಮೀನರಸಮ್ಮ ತನ್ನ ಬಾಯಿಗೆ ತಾನೇ ಬಡಿದುಕೊಂಡಳು. ಮಗೀಗೆ ಎಂಬ ಒಂದು ಮಾತು ಸೇರಿಸಿದ್ದರೆ ಸಾಕಾಗಿತ್ತು ಎಂದು ಕಂಡವರ ಮುಂದೆಲ್ಲ ಹೇಳಿಕೊಂಡು ಅತ್ತಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಆದರೆ ಆಡದೆ ಉಳಿದ ಮಾತೂ ಹಾಗೆಯೇ ಹೋಗುತ್ತದೆ ಎಂದು ಅವಳಿಗೆ ಯಾರು ಹೇಳಿದ್ದರು? ಮಾರನೆಯ ದಿನ ಮಣ್ಣು ಮಾಡಿ ಬರುವ ಹೊತ್ತಿಗೆ ಹುಳ ಎದ್ದಿದ್ದವು. ಎದ್ದ ಹುಳ ಮನೆಯಲ್ಲಿ ಸಾವಾಗಿದೆ ಎಂದು ಕಾಯುವುದಿಲ್ಲ. ಓಬಳಮ್ಮ, ಎರ್ರಪ್ಪ, ಬೀದಿಯವರೆಲ್ಲ ಸರದಿಯ ಮೇಲೆ ಸೊಪ್ಪು ಕೊಯ್ದು ತಂದು ಹಾಕಿದರು. ಗೂಡು ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ಕಟ್ಟಿತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಕೆಂಬೂತವನ್ನು ಉದಯ ಚಿಂತಾಮಣಿಗೆ ಒಯ್ದು, ಪ್ರೆಸ್ಸಿನ ಕಟಿಂಗ್ ಮಷೀನಿಗೆ ಕೊಟ್ಟು ಚೂರು ಮಾಡಿ ರದ್ದಿ ಮೂಟೆಗೆ ಹಾಕಿದ. ಮತ್ತೆ ರಾಕೆಟ್ಟು ಮಾಡಲಿಲ್ಲ. ಆ ಮನೆಯಲ್ಲಿ ಹುಳಕ್ಕೆ ಜ್ವರ ಎನ್ನುವುದೂ ನಿಂತಿತು, ನಿದ್ದೆ ಎನ್ನುತ್ತಾರೆ. ಅವರ ಬೀದಿಯಲ್ಲಿ ಹಾದುಹೋಗುವಾಗ ಬೇರೆಯವರೂ ನಿದ್ದೆ ಎಂದೇ ಅನ್ನುತ್ತಾರೆ. ಚೈತ್ರ ಅಂದಿನಿಂದ ಯಾರ ಮಕ್ಕಳನ್ನೂ ಅದು ಎಂದಿಲ್ಲ, ಕೈಗೂಸನ್ನು ಕೂಡ ಅವನು, ಅವಳು ಎಂದೇ ಕರೆಯುತ್ತಾಳೆ. ಗಂಡನನ್ನು ಅವಳು ಒಂದು ಮಾತೂ ದೂರಲಿಲ್ಲ. ಹುಳ ಎಂದುಕೊಂಡರು, ಹುಳ ಸಾಕುವ ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು ಎಂದು ನೆಂಟರ ಮುಂದೆ ಅವಳೇ ಹೇಳಿದಳು. ಅವಳು ಒಂದು ಸಲ ಬೈದಿದ್ದರೆ ಚೆನ್ನಾಗಿತ್ತು ಎಂದು ಉದಯನಿಗೆ ಅನ್ನಿಸುತ್ತಿತ್ತು. ಆ ದಿನ ಕೆರೆಯಲ್ಲಿ ಏನಾಯಿತು ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅದು ಅಷ್ಟು ಚೆನ್ನಾಗಿ ಹಾರಿತೆಂದು, ತಾನು ಅಷ್ಟು ಸಂತೋಷಪಟ್ಟೆನೆಂದು ಯಾವ ಬಾಯಲ್ಲಿ ಹೇಳುವುದು?

ವರ್ಷ ಕಳೆದ ಮೇಲೆ ಒಂದು ಸಂಜೆ ಇಬ್ಬರೂ ಹುಳಕ್ಕೆ ಸೊಪ್ಪು ಹಾಕುತ್ತಿದ್ದರು. ಅತ್ತೆ ಹೊರಗೆ ಜಗಲಿಯ ಮೇಲಿದ್ದಳು. ಚೈತ್ರ ತಟ್ಟೆಯಿಂದ ತಲೆ ಎತ್ತದೆ ಮಾತು ತೆಗೆದಳು.

"ಆವತ್ತು ಅದು ಹಾರಿದ್ದು ನಾನು ನೋಡ್ದೆ."

ಉದಯನ ಕೈ ನಿಂತಿತು.

"ಅವಳನ್ನ ಎತ್ಕೊಂಡು ಆಟೋಗೆ ಕಾಯ್ತಾ ರೋಡಲ್ಲಿ ನಿಂತಿದ್ದೆ. ಕೆರೆ ಕಡೆ ನೋಡಿ ಬೇಡ್ಕೊಂಡೆ. ದೇವರೇ, ಅದು ಹೋದ ಸಲದ ತರ ಬಿದ್ದು ಸುಟ್ಟೋಗ್ಲಿ, ಸುಟ್ಟೋದ್ರೆ ಅವರು ಬೇಗ ಮನೆಗೆ ಬರ್ತಾರೆ ಅಂತ. ಬೇಡ್ಕೊತಾ ಇದ್ದಂಗೇ ಮೇಲಕ್ಕೆ ಹೋಗ್ಬಿಡ್ತು."

ಅವಳು ಬುಟ್ಟಿಯಿಂದ ಇನ್ನೊಂದು ಹಿಡಿ ಸೊಪ್ಪು ತೆಗೆದು ತಟ್ಟೆಯ ತುಂಬ ಹರಡಿದಳು.

"ಇನ್ನೇನು ಮಾಡ್ಲಿ. ಛತ್ರಿ ಬಿಚ್ಕೊಂಡಾಗ ಅವಳ ತಲೆ ಹಿಡ್ದು ಆ ಕಡೆ ತಿರುಗಿಸ್ದೆ. ನೋಡಮ್ಮ, ನಿಮ್ಮಪ್ಪ ಬಿಟ್ಟಿರೋದು, ಎಷ್ಟು ಮೇಲೆ ಹೋಗೈತೆ ನೋಡು ಅಂದೆ."

ಕೇಳಬಾರದೆಂದು ಗೊತ್ತಿದ್ದೂ ಉದಯ ಕೇಳಿದ.

"ಕಣ್ಣು ಬಿಟ್ಲಾ?"

ಇಲ್ಲ ಎಂದಳು ಚೈತ್ರ, ಮುಂದಿನ ತಟ್ಟೆ ಎಳೆದುಕೊಂಡಳು.